ಬ್ರಿಟನ್‌ನಿಂದ ಅಮೆರಿಕಕ್ಕೆ ಹೊರಟಿದ್ದೀರಾ? ಬಟ್ಟೆ ತುಂಬುವ ಮುಂಚೆ ಇದನ್ನು ಓದಿ

ಮ್ಯಾಂಚೆಸ್ಟರ್‌ಗೆ ಬಂದು 13 ವರ್ಷವಾಯಿತು. ಇಲ್ಲಿ ಒಂದು ಮಳೆ ಜಾಕೆಟ್ ಇದ್ದರೆ ವರ್ಷದ ಮುಕ್ಕಾಲು ಪಾಲು ಕಳೆದುಹೋಗುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಯಾವ ತಿಂಗಳು ಅನ್ನುವುದಕ್ಕಿಂತ ಯಾವ ಊರು ಅನ್ನುವುದನ್ನು ಮೊದಲು ನೋಡಿ.

ಜುಲೈನಲ್ಲಿ ಅಮ್ಮನನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕರೆದುಕೊಂಡು ಹೋಗಿದ್ದೆ. ಕ್ಯಾಲಿಫೋರ್ನಿಯಾ ಅಲ್ವಾ, ಬಿಸಿಲಿರುತ್ತದೆ ಅಂತ ಬರೀ ಹತ್ತಿ ಬಟ್ಟೆ ತುಂಬಿದ್ದೆವು. ಗೋಲ್ಡನ್ ಗೇಟ್ ಸೇತುವೆ ಮೇಲೆ ಅಮ್ಮ ಗಡಗಡ ನಡುಗಿದರು. ಮಂಜಿನಲ್ಲಿ ಸೇತುವೆಯ ಗೋಪುರದ ತುದಿಯೇ ಕಾಣಲಿಲ್ಲ. ಅಲ್ಲಿನ ಕಡಲ ನೀರು ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಒಳನಾಡು ಕಾದು ಗಾಳಿ ಮೇಲೆದ್ದರೆ, ಕಡಲ ಮೇಲಿನ ಮಂಜು ಊರೊಳಗೆ ನುಗ್ಗುತ್ತದೆ. ಅದೇ ಮಧ್ಯಾಹ್ನ ಸುಮಾರು ಎರಡು ಗಂಟೆ ಕಾರಿನಲ್ಲಿ ಹೋಗಿ ಸ್ಯಾಕ್ರಮೆಂಟೊದಲ್ಲಿ ಇಳಿದರೆ 38 ಡಿಗ್ರಿ! ಒಂದೇ ರಾಜ್ಯ, ಒಂದೇ ದಿನ. ಅದಕ್ಕೇ ಹೇಳುತ್ತೇನೆ, ಸ್ವೆಟರ್ ಕೈಚೀಲದಲ್ಲೇ ಇರಲಿ. ಬಿಸಿಲೂರುಗಳಲ್ಲೂ ಅದು ಬೇಕು, ಅಂಗಡಿ, ಹೋಟೆಲುಗಳ ಎಸಿ ಅಷ್ಟು ಜೋರು.

ಅಲ್ಲಿ ಸೆಕೆ, ಚಳಿಯ ಲೆಕ್ಕವೆಲ್ಲ ಫ್ಯಾರನ್‌ಹೀಟ್‌ನಲ್ಲಿ. 30 ಕಳೆದು ಅರ್ಧ ಮಾಡಿ, ಸೆಲ್ಸಿಯಸ್‌ನ ಅಂದಾಜು ಸಿಗುತ್ತದೆ. 70 ಅಂದರೆ ಸುಮಾರು 20. ಆದರೆ ಸೆಕೆ ಜಾಸ್ತಿಯಾದಷ್ಟೂ ಈ ಲೆಕ್ಕ ಕಡಿಮೆ ತೋರಿಸುತ್ತದೆ. 110 ಅಂದರೆ 40 ಅಲ್ಲ, 43. ಬ್ರಿಟನ್‌ನ ದಾಖಲೆಯೇ 40.3, ಅದೂ 2022ರ ಜುಲೈನಲ್ಲಿ ಒಂದು ದಿನ. ಅರಿಜೋನಾದ ಫೀನಿಕ್ಸ್‌ನಲ್ಲಿ 2023ರಲ್ಲಿ ಸತತ 31 ದಿನ 110 ದಾಟಿತ್ತು ಇಲ್ಲವೇ ಮುಟ್ಟಿತ್ತು. ವಯಸ್ಸಾದವರು ಜೊತೆಗಿದ್ದರೆ ಬೇಸಿಗೆಯಲ್ಲಿ ಆ ಕಡೆ ಹೋಗಬೇಡಿ.

ಫ್ಲಾರಿಡಾದಲ್ಲಿ ಬೇಸಿಗೆಯ ಮಧ್ಯಾಹ್ನ ಗುಡುಗು ಮಳೆ ಮಾಮೂಲು. ಬೀಚಿಗೆ ಬೆಳಿಗ್ಗೆಯೇ ಹೋಗಿ ಬನ್ನಿ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಬ್ರಿಟನ್‌ನಲ್ಲಿ ಹವಾಮಾನದ ಹಳದಿ ವಾರ್ನಿಂಗ್ ಎಷ್ಟೋ ಸಲ ಎರಡು ಮೂರು ದಿನ ಮೊದಲೇ ಬರುತ್ತದೆ. ನಾವು ನೋಡಿ ಸುಮ್ನೆ ಆಗುತ್ತೇವೆ. ಅಮೆರಿಕದಲ್ಲಿ ಟಾರ್ನೆಡೊ 'ವಾಚ್' ಅಂದರೆ ಸುಂಟರಗಾಳಿ ಏಳಬಹುದು ಅಂತ. 'ವಾರ್ನಿಂಗ್' ಅಂದರೆ ಯಾರೋ ಕಂಡಿದ್ದಾರೆ, ಇಲ್ಲವೇ ರೇಡಾರ್‌ನಲ್ಲಿ ಸುಳಿವು ಸಿಕ್ಕಿದೆ. ವಾರ್ನಿಂಗ್ ಬಂದು ಫೋನ್ ಕೂಗಿದ ತಕ್ಷಣ ಕೆಳ ಅಂತಸ್ತಿನ, ಕಿಟಕಿ ಇಲ್ಲದ ಕೋಣೆಗೆ ಹೋಗಿ. ಹೋಟೆಲಿಗೆ ಕಾಲಿಟ್ಟಾಗಲೇ ಆ ಜಾಗ ಎಲ್ಲಿ ಅಂತ ಕೇಳಿಟ್ಟುಕೊಳ್ಳಿ.

ಅಂಗಡಿ ಬೆಲೆಗೆ ತೆರಿಗೆ ಆಮೇಲೆ ಸೇರುತ್ತದೆ. ಆರೆಗನ್‌ನಂಥ ಕೆಲವೇ ರಾಜ್ಯಗಳಲ್ಲಿ ಆ ತೆರಿಗೆ ಇಲ್ಲ. ಕಾರು ಓಡಿಸುವುದಾದರೆ, ಹೆಚ್ಚಿನ ಕಡೆ ಕೆಂಪು ದೀಪದಲ್ಲೂ ಪೂರ್ತಿ ನಿಂತು ನೋಡಿ ಬಲಕ್ಕೆ ತಿರುಗಬಹುದು. ಆದರೆ ನ್ಯೂಯಾರ್ಕ್ ನಗರದಲ್ಲಿ, ತಿರುಗಬಹುದು ಅನ್ನುವ ಬೋರ್ಡು ಇಲ್ಲದಿದ್ದರೆ ತಿರುಗುವಂತಿಲ್ಲ. ಮಾರ್ಚ್‌ನಲ್ಲಿ ಹೋದರೆ ಮನೆಗೆ ಫೋನ್ ಮಾಡುವ ಮುಂಚೆ ಗಡಿಯಾರ ನೋಡಿ. ಅಮೆರಿಕ ನಮಗಿಂತ ಎರಡು ಮೂರು ವಾರ ಮೊದಲೇ ಗಡಿಯಾರ ಮುಂದಿಡುತ್ತದೆ. ಆಗ ನ್ಯೂಯಾರ್ಕ್‌ಗೂ ನಮಗೂ ಐದಲ್ಲ, ನಾಲ್ಕೇ ಗಂಟೆ ವ್ಯತ್ಯಾಸ.