ಊಟದ ಹೊತ್ತಿನ ತಲೆನೋವು

ಊಟಕ್ಕೆ ಮೊದಲು ದೇವರಿಗೆ ಸ್ತೋತ್ರ ಹೇಳುವ ಅಭ್ಯಾಸ ನನಗೆ ಬಾಲ್ಯದಿಂದಲೂ ಇದೆ. ಆದರೆ ಕೆಲಸಕ್ಕೆ ಸೇರಿದ ಮೊದಲ ಆರು ವರ್ಷ ಅದನ್ನು ತಲೆನೋವಿನ ನಟನೆಯ ಮರೆಯಲ್ಲಿ ಮಾಡಿದೆ. ಮೊಣಕೈಯನ್ನು ಮೇಜಿನ ಮೇಲೆ ಊರಿ, ಎರಡು ಬೆರಳಿನಿಂದ ಹುಬ್ಬುಗಳನ್ನು ಒತ್ತಿಕೊಂಡು, ಕಣ್ಣು ಮುಚ್ಚಿ, ನಾಲ್ಕು ಸೆಕೆಂಡಿನಲ್ಲಿ ಪ್ರಾರ್ಥನೆ ಮುಗಿಸುತ್ತಿದ್ದೆ. ಒಂದು ದಿನ ಎದುರು ಕುಳಿತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು, "ನಿಮಗೆ ದಿನವೂ ಊಟದ ಹೊತ್ತಿಗೇ ತಲೆನೋವು ಬರುತ್ತದಲ್ಲ, ಡಾಕ್ಟರಿಗೆ ತೋರಿಸಿದ್ದೀರಾ?" ಎಂದು ಕೇಳಿ, ತಮ್ಮ ಚೀಲದಿಂದ ಮಾತ್ರೆಯೊಂದನ್ನು ತೆಗೆದು ಕೊಟ್ಟರು. ಅದು ತಲೆನೋವಲ್ಲ, ಪ್ರಾರ್ಥನೆ ಎಂದು ಹೇಳಲು ಒಂದು ಉಸಿರು ಸಾಕಾಗಿತ್ತು. ನಾನು ಮಾತ್ರೆಯನ್ನು ನುಂಗಿ, "ಥ್ಯಾಂಕ್ಸ್, ಈಗ ಪರವಾಗಿಲ್ಲ" ಎಂದೆ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಯಾರೂ ನನ್ನನ್ನು ಬೆದರಿಸಿರಲಿಲ್ಲ, ಕೆಲಸ ಹೋಗುವ ಭಯವೂ ಇರಲಿಲ್ಲ. ಹಾಗಿದ್ದರೆ ನಾನು ಹೆದರಿದ್ದು ಯಾವುದಕ್ಕೆ ಎಂದು ನನ್ನನ್ನೇ ಕೇಳಿಕೊಂಡೆ. ಮೊದಲು ಸಿಕ್ಕ ಉತ್ತರ ಸುಲಭದ್ದಾಗಿತ್ತು: ಇವರು ಹಳೆಯ ಕಾಲದವರು, ಬುದ್ಧಿ ಸಾಲದವರು, ಎಲ್ಲರಿಗೂ ಉಪದೇಶ ಮಾಡಲು ಕಾದಿರುವವರು ಎಂದು ಜನ ತಿಳಿದಾರು ಎಂಬ ಭಯ. ಅದರ ಅಡಿಯಲ್ಲಿದ್ದ ಇನ್ನೊಂದು ಭಯವನ್ನು ಒಪ್ಪಿಕೊಳ್ಳಲು ಹೆಚ್ಚು ದಿನ ಹಿಡಿಯಿತು. ನಾನು ಕ್ರೈಸ್ತ ವಿಶ್ವಾಸಿ ಎಂದು ಗೊತ್ತಾದ ಮೇಲೆ ನನ್ನ ಮುಂಗೋಪ, ಬೆನ್ನ ಹಿಂದೆ ಆಡುವ ಮಾತು, ತಪ್ಪನ್ನು ಬೇರೆಯವರ ತಲೆಗೆ ಕಟ್ಟುವ ಚಾಳಿ, ಎಲ್ಲವನ್ನೂ ಆ ಹೆಸರಿನ ಅಳತೆಗೋಲಿನಿಂದ ಅಳೆಯುತ್ತಾರೆ. ವಿಶ್ವಾಸವನ್ನು ಬಚ್ಚಿಟ್ಟಷ್ಟು ದಿನ ಆ ಲೆಕ್ಕ ಯಾರಿಗೂ ಕೊಡಬೇಕಾಗಿರಲಿಲ್ಲ.

ಆ ದಿನಗಳಲ್ಲಿ ಕ್ರೈಸ್ತ ಸಭೆಯ ಚರಿತ್ರೆಯ ಒಂದು ಸಂಗತಿ ನನ್ನನ್ನು ಬಹಳ ಕಾಡಿತು. ಕ್ರಿ.ಶ. 250ರ ಸುಮಾರಿಗೆ ರೋಮನ್ ಚಕ್ರವರ್ತಿ ಡೆಸಿಯಸ್, ಸಾಮ್ರಾಜ್ಯದ ಜನರೆಲ್ಲ ದೇವತೆಗಳಿಗೆ ಬಲಿ ಅರ್ಪಿಸಿ ಅದಕ್ಕೆ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದನು. ಪಪೈರಸ್ ಎಂಬ ಜೊಂಡಿನ ಹಾಳೆಯ ಮೇಲೆ ಬರೆದ ಅಂಥ 40ಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನಲ್ಲಿ ದೊರೆತಿವೆ. ಕೆಲವು ಕ್ರೈಸ್ತರು ಬಲಿಯನ್ನೂ ಅರ್ಪಿಸಲಿಲ್ಲ, ವಿಶ್ವಾಸವನ್ನೂ ಅರಿಕೆಮಾಡಲಿಲ್ಲ. ಲಂಚ ಕೊಟ್ಟು ಪತ್ರವನ್ನು ಮಾತ್ರ ಪಡೆದುಕೊಂಡರು. ಉತ್ತರ ಆಫ್ರಿಕದ ಕಾರ್ಥೇಜ್ ನಗರದ ಬಿಷಪ್ ಸಿಪ್ರಿಯನ್ ಅದನ್ನೂ ಪಾಪವೆಂದೇ ಎಣಿಸಿದನು. ಆದರೆ ಅವನ ಸಭೆಯು ಪಶ್ಚಾತ್ತಾಪಪಟ್ಟು ಬಂದ ಅಂಥವರನ್ನು ಮರಳಿ ಸೇರಿಸಿಕೊಂಡಿತು. ಅವರ ಮುಂದಿದ್ದದ್ದು ಸೆರೆಮನೆ ಮತ್ತು ಸಾವು, ನನ್ನ ಮುಂದಿದ್ದದ್ದು ಒಬ್ಬರ ಹುಬ್ಬೇರುವಿಕೆ. ಹೋಲಿಸಲು ನಾಚಿಕೆಯಾಗುತ್ತದೆ. ಆದರೂ ನಾನು ನುಂಗಿದ ಮಾತ್ರೆ ಅಂಥದ್ದೇ ಒಂದು ಪ್ರಮಾಣಪತ್ರವಾಗಿತ್ತು.

ಇನ್ನು ಮುಂದೆ ಧೈರ್ಯವಾಗಿ ಸಾಕ್ಷಿ ಹೇಳುತ್ತೇನೆ ಎಂಬ ಹರಕೆಯನ್ನು ನಾನು ಹಿಂದೆ ಅನೇಕ ಸಲ ಹೊತ್ತು ಮುರಿದಿದ್ದರಿಂದ, ಈ ಸಲ ನಿರ್ಣಯವನ್ನು ಚಿಕ್ಕದು ಮಾಡಿದೆ: ನನ್ನ ವಿಶ್ವಾಸದ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಸುಮ್ಮನಿರುವುದಕ್ಕೂ ಸುಳ್ಳು ಹೇಳುವುದಕ್ಕೂ ನಡುವೆ ಅಂತರವಿದೆ. ಎಲ್ಲವನ್ನೂ ಎಲ್ಲರಿಗೂ ಹೇಳುವ ಹಂಗು ಯಾರಿಗೂ ಇಲ್ಲ. ಯೆಹೂದ್ಯರ ಮುಖಂಡನಾದ ನಿಕೊದೇಮನು ರಾತ್ರಿಯಲ್ಲಿ ಬಂದಾಗ ಯೇಸು ಅವನನ್ನು ಹಗಲಿನಲ್ಲಿ ಬಾ ಎಂದು ಕಳುಹಿಸಲಿಲ್ಲ. ಹಿಂಸೆ ಬಂದಾಗ ಮತ್ತೊಂದು ಊರಿಗೆ ಓಡಿಹೋಗಿರಿ ಎಂದು ಶಿಷ್ಯರಿಗೆ ಹೇಳಿದವನೂ ಆತನೇ. ವಿಶ್ವಾಸ ಬಯಲಾದರೆ ಪ್ರಾಣಕ್ಕೇ ಸಂಚಕಾರವಿರುವವರ ಮೌನವನ್ನು ತೂಗಲು ನಾನು ಯಾರು? ನನ್ನದು ಆ ಮೌನವಾಗಿರಲಿಲ್ಲ. ಸೋಮವಾರ ಬೆಳಿಗ್ಗೆ "ನಿನ್ನೆ ಏನು ಮಾಡಿದಿರಿ?" ಎಂದು ಕೇಳಿದವರಿಗೆ "ನೆಂಟರ ಮನೆಗೆ ಹೋಗಿದ್ದೆ" ಎನ್ನುತ್ತಿದ್ದ ನಾನು, ಮೊದಲ ಸಲ "ಬೆಳಿಗ್ಗೆ ಆರಾಧನೆಗೆ ಹೋಗಿದ್ದೆ, ಮಧ್ಯಾಹ್ನ ಮಲಗಿದೆ" ಎಂದಾಗ ನಾಲಿಗೆ ಒಣಗಿತ್ತು. ಕೇಳಿದವರು "ಹೌದಾ, ನಾನೂ ಮಲಗಿದ್ದೆ" ಎಂದು ಹೇಳಿ ಹೋದರು.

ಊಟದ ಹೊತ್ತಿನಲ್ಲಿ ಕೈಗಳನ್ನು ಹಣೆಯಿಂದ ಕೆಳಗಿಳಿಸಿ ತೊಡೆಯ ಮೇಲೆ ಜೋಡಿಸಿಟ್ಟುಕೊಂಡೆ, ಅಷ್ಟೇ ಬದಲಾವಣೆ. ಮಾತ್ರೆ ಕೊಟ್ಟವರಿಗೆ ಮಾತ್ರ ಹಿಂದಿನದನ್ನು ಹೇಳಲೇಬೇಕಿತ್ತು. ಹೇಳಿದೆ. ಅವರು ನಕ್ಕು, "ಅದಕ್ಕೆ ಆ ಮಾತ್ರೆ ಯಾಕೆ ನುಂಗಿದಿರಿ?" ಎಂದು ಕೇಳಿದರು. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಮುಂದಿನ ವರ್ಷ ನಾನು ಎದುರು ದಿಕ್ಕಿನ ತಪ್ಪು ಮಾಡಿದೆ. ಭಯ ಬಿಟ್ಟುಹೋಯಿತೆಂಬ ಹುರುಪಿನಲ್ಲಿ ಯಾರೂ ಕೇಳದಿದ್ದರೂ ಹೇಳಲಾರಂಭಿಸಿದೆ, ಪ್ರತಿಯೊಂದು ಮಾತನ್ನೂ ಸುವಾರ್ತೆಯ ಕಡೆಗೆ ಎಳೆಯತೊಡಗಿದೆ; ಚಹಾಕ್ಕೆ ಕರೆಯುತ್ತಿದ್ದವರು ಕರೆಯುವುದನ್ನು ನಿಲ್ಲಿಸಿದಾಗ ಅದನ್ನು ವಿಶ್ವಾಸಕ್ಕಾಗಿ ಬಂದ ಹಿಂಸೆ ಎಂದು ಭಾವಿಸಿ ಒಳಗೊಳಗೇ ಹೆಮ್ಮೆಪಟ್ಟೆ. ನಿಜವಾಗಿ ಅವರಿಗೆ ನನ್ನಿಂದ ಬೇಸರವಾಗಿತ್ತು. ಬೈಬಲಿನಲ್ಲಿರುವ, ಯೇಸುವಿನ ಶಿಷ್ಯ ಪೇತ್ರನ ಮೊದಲನೆಯ ಪತ್ರಿಕೆಯು ನಮ್ಮ ನಿರೀಕ್ಷೆಗೆ ಕಾರಣವನ್ನು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸಾತ್ವಿಕತ್ವದಿಂದ ಕೊಡಿರಿ ಎನ್ನುತ್ತದೆ. ಕೇಳುವವರು ಇರಬೇಕೆಂಬುದನ್ನು ನಾನು ಓದಿಯೂ ಗಮನಿಸಿರಲಿಲ್ಲ. ಸೇವಕಿಯೊಬ್ಬಳ ಪ್ರಶ್ನೆಗೆ ಬೆದರಿ ಕರ್ತನಾದ ಯೇಸುವನ್ನು ಅರಿಯೆನೆಂದ ಪೇತ್ರನ ಹೆಸರಿನಲ್ಲೇ ಈ ಮಾತು ಇರುವುದು ನನಗೆ ಸಮಾಧಾನ ಕೊಡುತ್ತದೆ.

ನಿಜವಾದ ಪರೀಕ್ಷೆ ಬಂದದ್ದು ಮಾತಿನಲ್ಲಲ್ಲ. ತಿಂಗಳ ವರದಿಯಲ್ಲಿ ಒಂದು ಅಂಕಿಯನ್ನು ತಪ್ಪಾಗಿ ನಮೂದಿಸಿದ್ದೆ, ಅದರ ಬೈಗುಳ ನನ್ನ ಕೈಕೆಳಗಿನ ಹುಡುಗನಿಗೆ ಬಿತ್ತು. ಸುಮ್ಮನಿದ್ದರೆ ಎರಡು ದಿನದಲ್ಲಿ ಎಲ್ಲರೂ ಮರೆಯುತ್ತಿದ್ದರು. ಮೇಲಧಿಕಾರಿಯ ಕೋಣೆಯ ಬಾಗಿಲವರೆಗೆ ಹೋಗಿ ನೀರು ಕುಡಿಯುವ ನೆಪದಲ್ಲಿ ಎರಡು ಸಲ ಹಿಂದಿರುಗಿದೆ. ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿ ಬೆದರಿಕೆಗೆ ಒಳಗಾದ ವಿಶ್ವಾಸಿಗಳು ಬೆದರಿಕೆಯನ್ನು ತೆಗೆದುಹಾಕೆಂದು ಬೇಡಲಿಲ್ಲ, ಧೈರ್ಯವನ್ನು ಬೇಡಿದರು ಎಂಬುದು ನೆನಪಿಗೆ ಬಂತು. ಬೇಡಿದೆ. ಧೈರ್ಯವೇನೂ ಬಂದಂತೆ ಅನ್ನಿಸಲಿಲ್ಲ. ಕೈ ನಡುಗುತ್ತಲೇ ಬಾಗಿಲು ತಟ್ಟಿದೆ. ನನಗೂ ಬೈಗುಳ ಬಿತ್ತು, ಆ ವರ್ಷದ ಮೌಲ್ಯಮಾಪನದಲ್ಲಿ ಅದು ದಾಖಲಾಯಿತು. ಹುಡುಗನ ಬಳಿಯೂ ಕ್ಷಮೆ ಕೇಳಿದೆ. ಯಾಕೆ ಒಪ್ಪಿಕೊಂಡಿರಿ ಎಂದು ಅವನು ಒಂದು ವಾರದ ನಂತರ ಕೇಳಿದಾಗ ನಾನು ಯೇಸುವಿನ ಹೆಸರನ್ನು ಹೇಳಿದೆ, ಆ ಮಾತು ಎಳೆದು ತಂದದ್ದಾಗಿರಲಿಲ್ಲ.

ವಿಚಿತ್ರವೆಂದರೆ, ಕೆಲಸದ ಸ್ಥಳಕ್ಕಿಂತ ಸಭೆಯಲ್ಲಿ ಪ್ರಾಮಾಣಿಕವಾಗಿರುವುದು ನನಗೆ ಕಷ್ಟವಾಯಿತು. ಹೊರಗೆ ವಿಶ್ವಾಸವನ್ನು ಮುಚ್ಚಿಡುತ್ತಿದ್ದ ನಾನು ಒಳಗೆ ಸಂದೇಹವನ್ನು ಮುಚ್ಚಿಡುತ್ತಿದ್ದೆ. "ಹೇಗಿದ್ದೀರಿ?" ಎಂದು ಕೇಳಿದವರಿಗೆ "ಕರ್ತನ ಕೃಪೆಯಿಂದ ಚೆನ್ನಾಗಿದ್ದೇನೆ" ಎಂದು ಹೇಳುತ್ತಿದ್ದ ಅನೇಕ ಭಾನುವಾರಗಳಲ್ಲಿ ನಾನು ವಾರವಿಡೀ ಪ್ರಾರ್ಥಿಸಿರುತ್ತಿರಲಿಲ್ಲ. ಪ್ರಾರ್ಥನಾ ಗುಂಪಿನಲ್ಲಿ ಒಮ್ಮೆ ಅದನ್ನು ಇದ್ದಂತೆಯೇ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹಿರಿಯರು, ತಮ್ಮ ಪತ್ನಿ ತೀರಿಕೊಂಡಂದಿನಿಂದ ತಮಗೆ ಕೀರ್ತನೆ ಹಾಡಲು ಆಗುತ್ತಿಲ್ಲ, ಬಾಯಿ ಮಾತ್ರ ಆಡಿಸುತ್ತಿದ್ದೇನೆ ಎಂದರು.

ಇಷ್ಟಾದರೂ ಒಂದು ಸುಳ್ಳು ನನ್ನಲ್ಲಿ ಉಳಿದಿತ್ತು. ಮಾತ್ರೆ ಕೊಟ್ಟಿದ್ದ ಅದೇ ಸಹೋದ್ಯೋಗಿ, ತಮ್ಮ ತಾಯಿಗೆ ಶಸ್ತ್ರಚಿಕಿತ್ಸೆ ಇದೆ, ನಿಮ್ಮ ದೇವರಲ್ಲಿ ಬೇಡಿಕೊಳ್ಳಿ ಎಂದು ಕೇಳಿದರು. ಖಂಡಿತ ಪ್ರಾರ್ಥಿಸುತ್ತೇನೆ ಎಂದು ಹೇಳಿ, ಮನೆಗೆ ಹೋಗಿ ಮರೆತೆ. ಮರುದಿನ ಅವರು ಕೈ ಹಿಡಿದು "ನಿಮ್ಮ ಪ್ರಾರ್ಥನೆಯಿಂದ ಎಲ್ಲ ಚೆನ್ನಾಗಿ ಆಯಿತು" ಎಂದಾಗ, ಸುಮ್ಮನೆ ತಲೆಯಾಡಿಸುವುದು ಎಷ್ಟು ಸುಲಭವಾಗಿತ್ತೆಂದು ಹೇಳಲಾರೆ. ಮರೆತಿದ್ದೆ ಎಂದು ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು, ಕೈ ಬಿಡಿಸಿಕೊಂಡು ತಮ್ಮ ಮೇಜಿಗೆ ಹೋದರು. ಎರಡು ವಾರಗಳಾದ ಮೇಲೆ ಊಟದ ಮೇಜಿನಲ್ಲಿ ನಾನು ಕೈ ಜೋಡಿಸಿದಾಗ, "ಹಾಗಾದರೆ ಈಗಲೇ ಅಮ್ಮನ ಹೆಸರನ್ನೂ ಸೇರಿಸಿಬಿಡಿ, ಆಮೇಲೆ ಎಂದರೆ ನೀವು ಮರೆಯುತ್ತೀರಿ" ಎಂದರು. ಆ ದಿನ ಪ್ರಾರ್ಥನೆಗೆ ನಾಲ್ಕು ಸೆಕೆಂಡಿಗಿಂತ ಹೆಚ್ಚು ಹಿಡಿಯಿತು.