ಕಸಿಯ ಮೂತ್ರನಾಳ ಕಿರಿದಾದಾಗ: ಮತ್ತೆ ಹೊಟ್ಟೆ ತೆರೆಯದೆ ಮಾಡಿದ ಚಿಕಿತ್ಸೆ

ಮೂತ್ರಪಿಂಡದ ಕಸಿಯಾದ ಮೇಲೆ ಮೂತ್ರನಾಳ ಕಿರಿದಾದರೆ, ಹಳೆಯ ಗಾಯವನ್ನು ತೆರೆದು ನಾಳವನ್ನು ಹೊಸದಾಗಿ ಜೋಡಿಸುವುದೇ ಸರಿಯೆಂದು ನಮ್ಮ ತಂಡದ ಹಿರಿಯರು ವಾದಿಸುತ್ತಿದ್ದರು. ಬಲೂನಿನಿಂದ ಹಿಗ್ಗಿಸುವುದು ದಿನ ದೂಡುವ ಉಪಾಯವಷ್ಟೇ ಎಂಬುದು ಅವರ ನಂಬಿಕೆಯಾಗಿತ್ತು. ನೆನಪಿನಿಂದ ಹೇಳುವುದಾದರೆ, ಈವರೆಗೆ ಸುಮಾರು 30 ರೋಗಿಗಳಿಗೆ ನೆಫ್ರೋಸ್ಟಮಿಯ (ಮೂತ್ರ ಹೊರಹರಿಸಲು ಚರ್ಮದ ಮೂಲಕ ಮೂತ್ರಪಿಂಡದೊಳಕ್ಕೆ ಇಡುವ ಕೊಳವೆ) ದಾರಿಯಲ್ಲಿ ಮೇಲಿನಿಂದ ಇಳಿದು ಚಿಕಿತ್ಸೆ ಮಾಡಿದ್ದೇನೆ. ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಮರುಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ.

ಮೊದಲ ನಾಲ್ಕರಲ್ಲಿ ಎರಡು ಕೆಟ್ಟವು, ಕಾರಣ ನನ್ನ ಆತುರ. ನೆಫ್ರೋಸ್ಟಮಿ ಹಾಕಿದ ದಿನವೇ ಬಲೂನನ್ನೂ ಹಿಗ್ಗಿಸಿದ್ದೆ. ಒಬ್ಬರಿಗೆ ಅಂದು ಸಂಜೆಯೇ ಚಳಿಜ್ವರ ಬಂದು, ರಕ್ತದೊತ್ತಡ ಕುಸಿದು, ಆರು ದಿನ ತೀವ್ರ ನಿಗಾ ಘಟಕದಲ್ಲಿರಬೇಕಾಯಿತು; ಶಸ್ತ್ರಚಿಕಿತ್ಸೆ ತಪ್ಪಿಸಿ ಉಳಿಸಬೇಕೆಂದಿದ್ದ ಹಣವೆಲ್ಲ ಅಲ್ಲೇ ಕರಗಿತು. ಪ್ರತಿರಕ್ಷೆ ತಗ್ಗಿಸುವ ಔಷಧ ಸೇವಿಸುವವರಲ್ಲಿ ಸೋಂಕು ಸದ್ದಿಲ್ಲದೆ ಬೆಳೆದಿರುತ್ತದೆ, ಕಸಿಯ ಮೂತ್ರಪಿಂಡಕ್ಕೆ ನರಸಂಪರ್ಕವಿಲ್ಲದ್ದರಿಂದ ನೋವು ಕೂಡ ಎಚ್ಚರಿಸುವುದಿಲ್ಲ. ಈಗ ಮೂತ್ರವನ್ನು ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಕಳಿಸಿ, ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕುವ ತ್ಯಾಜ್ಯ) ಇಳಿದು ಒಂದೆಡೆ ನಿಲ್ಲುವವರೆಗೆ ಐದಾರು ದಿನ ಕಾಯುತ್ತೇನೆ. ಅದು ಇಳಿಯದಿದ್ದರೆ ನಾಳವೊಂದನ್ನೇ ದೂರದೆ, ದೇಹವು ಕಸಿಯನ್ನು ತಿರಸ್ಕರಿಸುತ್ತಿದೆಯೇ ಎಂದೂ ನೋಡಬೇಕು.

ಇನ್ನೊಂದು ಸೋಲು ದುಬಾರಿಯಾಗಿತ್ತು. ಕಸಿಯಾಗಿ ವರ್ಷ ಕಳೆದ ಮೇಲೆ ಕಾಣಿಸಿಕೊಂಡ, ಸುಮಾರು ಮೂರು ಸೆಂಟಿಮೀಟರ್ ಉದ್ದದ ಕಿರಿದಾದ ಭಾಗವನ್ನು ಮೂರು ಸಲ ಹಿಗ್ಗಿಸಿದೆ. ಮೂರು ಬಲೂನುಗಳ ಖರ್ಚಾದ ಮೇಲೆ ರೋಗಿ ಶಸ್ತ್ರಚಿಕಿತ್ಸೆಗೇ ಹೋದರು. ಕಸಿಯ ನಾಳಕ್ಕೆ ರಕ್ತ ಬರುವುದು ಮೂತ್ರಪಿಂಡದ ಕಡೆಯಿಂದ ಮಾತ್ರ, ಆದ್ದರಿಂದ ಮೂತ್ರಕೋಶದ ಬಳಿಯ ತುದಿಯೇ ಮೊದಲು ಒಣಗುತ್ತದೆ. ರಕ್ತವಿಲ್ಲದೆ ಗಟ್ಟಿಯಾದ ಉದ್ದನೆಯ ಕಲೆಯನ್ನು ಬಲೂನು ಬದುಕಿಸಲಾರದು. ಒಂದು ಸೆಂಟಿಮೀಟರಿನೊಳಗಿನದು, ಕಸಿಯಾದ ಮೂರು ತಿಂಗಳೊಳಗೆ ಕಂಡದ್ದು ನನ್ನ ಕೈಗೆ ಒಲಿಯುತ್ತದೆ.

ಅಲ್ಟ್ರಾಸೌಂಡ್ ನೋಡುತ್ತ, ಕರುಳು ಅಡ್ಡ ಬಾರದಂತೆ ಹೊರಪಕ್ಕದಿಂದ, ಮೂತ್ರಪಿಂಡದೊಳಗೆ ಮೂತ್ರ ಸಂಗ್ರಹಿಸುವ ಬಟ್ಟಲುಗಳಲ್ಲಿ ಮೇಲಿನ ಅಥವಾ ನಡುವಿನ ಕ್ಯಾಲಿಕ್ಸ್‌ಗೆ ಸೂಜಿ ಹಾಕುತ್ತೇನೆ; ಕೆಳಗಿನದಕ್ಕೆ ಹಾಕಿದರೆ ದಾರಿ ತೋರುವ ತೆಳು ತಂತಿ, ಅಂದರೆ ಗೈಡ್‌ವೈರ್, ನಾಳದೊಳಕ್ಕೆ ತಿರುಗಲು ಒದ್ದಾಡುತ್ತದೆ. ಬಿಗಿದ ಜಾಗ ದಾಟಲು ವೈರಿನ ತುದಿಗೆ ನಾನು ಕೊಡುವ ಬಾಗು ಬರವಣಿಗೆಗೆ ಸಿಗುವಂಥದ್ದಲ್ಲ, ಜೊತೆಗೆ ನಿಂತವರಿಗಷ್ಟೇ ತೋರಿಸುತ್ತೇನೆ. ಆರು ಮಿಲಿಮೀಟರ್ ಬಲೂನಿನ ನಡುವೆ, ಬಿಗಿದ ಜಾಗದಲ್ಲಿ ಕಾಣುವ ಸೊಂಟ ಮಾಯವಾದ ಮೇಲೂ ಎರಡು ಮೂರು ನಿಮಿಷ ಹಾಗೆಯೇ ಬಿಟ್ಟು, ಬಳಿಕ ಡಬಲ್ ಜೆ ಸ್ಟೆಂಟನ್ನು (ನಾಳ ತೆರೆದಿಡಲು ಒಳಗಿಡುವ, ಎರಡೂ ತುದಿ ಬಾಗಿದ ಕೊಳವೆ) ಆರರಿಂದ ಎಂಟು ವಾರ ಇಡುತ್ತೇನೆ.

ಮೂತ್ರಕೋಶದ ಕಡೆಯಿಂದಲೂ ಐದು ಜನರಲ್ಲಿ ಪ್ರಯತ್ನಿಸಿದ್ದುಂಟು. ಕಸಿಯ ನಾಳ ತೆರೆಯುವ ಹೊಸ ದ್ವಾರ ಮೂತ್ರಕೋಶದ ಮೇಲ್ಭಾಗದಲ್ಲಿ ಅಡಗಿರುವುದರಿಂದ ನೆಫ್ರೋಸ್ಟಮಿಯಿಂದ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬಿಟ್ಟು ಹುಡುಕಿದೆ. ಇಬ್ಬರಲ್ಲಿ ನೀಲಿ ಹನಿ ಒಸರುವುದು ಕಂಡಿತು, ಆದರೆ ವೈರ್ ಒಳಹೋದದ್ದು ಒಬ್ಬರಲ್ಲಿ ಮಾತ್ರ. ಆ ದಾರಿಯನ್ನು ಅಲ್ಲಿಗೇ ಬಿಟ್ಟೆ.

ಕಿರಿದಾಗದೆ ಸೋರುವ ನಾಳಕ್ಕೂ ಇದೇ ನೆಫ್ರೋಸ್ಟಮಿ ಮತ್ತು ಸ್ಟೆಂಟ್ ನೆರವಾಗಿವೆ. ಆದರೆ ಸುತ್ತ ಸೇರಿದ ದ್ರವದ ಕ್ರಿಯಾಟಿನಿನ್ ರಕ್ತದಲ್ಲಿರುವುದಕ್ಕಿಂತ ಬಹಳ ಹೆಚ್ಚಿದೆಯೆಂದು ಖಚಿತವಾಗುವ ತನಕ ನಾನು ಸೂಜಿ ಎತ್ತಿಕೊಳ್ಳುವುದಿಲ್ಲ. ಎರಡೂ ಸಮನಾಗಿದ್ದರೆ ಅದು ಮೂತ್ರವಲ್ಲ, ಸಾಮಾನ್ಯವಾಗಿ ದುಗ್ಧರಸ (ಲಿಂಫ್).