ಅಪ್ಪನ ಮಾತ್ರೆ ಎಲ್ಲಿ ಕೂರುತ್ತದೆ ಎಂದು ಹುಡುಕಿದ್ದು

ಬದಿಯಡ್ಕದ ಹತ್ತಿರ ನಮ್ಮ ಮನೆ. ಅಪ್ಪ ಕೆಲವು ವರ್ಷ ವಾರ್ಫರಿನ್ ನುಂಗಿದ್ದರು. ಆಗ ಅಮ್ಮ ಹರಿವೆ, ಬಸಳೆ ಬೇಯಿಸುವಾಗಲೂ ಲೆಕ್ಕ ಹಾಕುತ್ತಿದ್ದರು. ಮತ್ತೆ ಡಾಕ್ಟರು ರಿವರೊಕ್ಸಾಬಾನ್ ಕೊಟ್ಟರು, ಹರಿವೆಯ ಲೆಕ್ಕ ಬೇಡ ಎಂದರು. "ಅದೂ ರಕ್ತ ತೆಳು ಮಾಡುವುದೇ ಅಲ್ವಾ? ಇದಕ್ಕೆ ಯಾಕೆ ಬೇಡ?" ಎಂದು ಅಪ್ಪ ನನ್ನನ್ನು ಕೇಳಿದರು. ನಾನು ಕೆಮಿಸ್ಟ್ರಿ ಮೇಷ್ಟ್ರು. ಸುಮ್ನೆ ತಲೆಯಾಡಿಸಲು ಮನಸ್ಸಾಗಲಿಲ್ಲ.

ವಾರ್ಫರಿನ್ ಹೆಪ್ಪುಗಟ್ಟಿಸುವ ಪ್ರೊಟೀನುಗಳನ್ನು ಮುಟ್ಟುವುದೇ ಇಲ್ಲ. ರಕ್ತದಲ್ಲಿ ಅದರ ಸುಮಾರು 99 ಶೇಕಡಾ ಇನ್ನೊಂದು ಪ್ರೊಟೀನಾದ ಆಲ್ಬುಮಿನ್‌ಗೆ ಅಂಟಿಕೊಂಡಿರುತ್ತದೆ. ಉಳಿದ ಚೂರು ಯಕೃತ್ತಿನಲ್ಲಿ ವಿಟಮಿನ್ ಕೆ ಮರುಬಳಕೆ ಮಾಡುವ ಕಿಣ್ವವನ್ನು ತಡೆಯುತ್ತದೆ. ಹೆಪ್ಪುಗಟ್ಟಿಸುವ ಪ್ರೊಟೀನುಗಳು ತಯಾರಾಗಲು ಆ ವಿಟಮಿನ್ ಬೇಕು. ಸೊಪ್ಪಿನಲ್ಲಿ ಅದು ಜಾಸ್ತಿ, ಅದಕ್ಕೇ ಲೆಕ್ಕ. ರಿವರೊಕ್ಸಾಬಾನ್ ಹಾಗಲ್ಲ, ನೇರ ಫ್ಯಾಕ್ಟರ್ ಟೆನ್-ಎ ಎಂಬ ಹೆಪ್ಪುಗಟ್ಟಿಸುವ ಕಿಣ್ವದ ಒಳಗೆ ಕೂರುತ್ತದೆ. ಆ ಕಿಣ್ವ, ರಕ್ತ ಹೆಪ್ಪುಗಟ್ಟಲೆಂದು ಪ್ರೊಥ್ರಾಂಬಿನ್ ಎಂಬ ಪ್ರೊಟೀನನ್ನು ಕತ್ತರಿಸುವ ಅಡಕತ್ತರಿ. ಮಾತ್ರೆ ಅದರ ಬಾಯಿಗೇ ಸಿಕ್ಕಿಕೊಳ್ಳುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆನಿಸಿತು. ಪ್ರೊಟೀನ್ ಡೇಟಾ ಬ್ಯಾಂಕಿನಿಂದ 2ಡಬ್ಲ್ಯೂ26 ಇಳಿಸಿಕೊಂಡೆ. ಟೆನ್-ಎ ಮತ್ತು ರಿವರೊಕ್ಸಾಬಾನ್ ಕೂಡಿರುವ ಹರಳಿನ ಚಿತ್ರ ಅದು. ನೀರು ತೆಗೆದು, ಹೈಡ್ರೋಜನ್ ಸೇರಿಸಿ, ಮಾತ್ರೆಯ ಅಣುವನ್ನು ಹೊರಗೆಳೆದೆ. ಅದನ್ನು ಪುನಃ ತಾನೇ ಹುಡುಕಿ ಕೂರಲಿ ಎಂದು ಆಟೋಡಾಕ್ ವೀನಾಕ್ಕೆ ಕೊಡಬೇಕು. ಅಣು ಪ್ರೊಟೀನಿನಲ್ಲಿ ಎಲ್ಲಿ, ಹೇಗೆ ಕೂರುತ್ತದೆ ಎಂದು ಲೆಕ್ಕ ಹಾಕಿ ಅಂಕ ಕೊಡುವ ತಂತ್ರಾಂಶ ಅದು. ನಾನೋ ಜಂಬದಲ್ಲಿ ಅಣುವನ್ನು ಹೊಸದಾಗಿ ನಾನೇ ಬಿಡಿಸಿ ಕೊಟ್ಟೆ.

ಅಂಕ ಮೈನಸ್ 9ರ ಆಸುಪಾಸು ಬಂತು. ಮೈನಸ್ ಹೆಚ್ಚಿದಷ್ಟು ಹಿಡಿತ ಗಟ್ಟಿ ಎಂದು ವೀನಾದ ಲೆಕ್ಕ. ಖುಷಿಯೋ ಖುಷಿ. ಹರಳಿನ ಚಿತ್ರದ ಮೇಲೆ ಇಟ್ಟು ನೋಡಿದರೆ ನಡುವಿನ ಉಂಗುರ ಅಡ್ಡಡ್ಡ ತಿರುಗಿತ್ತು. ವೀನಾ ಹುಡುಕಬೇಕಾದ ಜಾಗ ಗುರುತಿಸುವ ಬಾಕ್ಸಿನ ಅಳತೆಯನ್ನು ಎರಡು ಸಂಜೆ ಬದಲಿಸಿದೆ. ನಡುವೆ ಕರೆಂಟು ಬೇರೆ ಹೋಯಿತು. ಕೊನೆಗೆ ಗೊತ್ತಾಯಿತು, ಒಂದು ಇಂಗಾಲದ ದಿಕ್ಕು ತಪ್ಪಿ ಬಿಡಿಸಿದ್ದೆ. ಎಡಗೈ ಗವಸಿಗೆ ಬಲಗೈ ತುರುಕಿದ ಹಾಗೆ. ಆ ಕನ್ನಡಿ ಅಣು ಔಷಧವಾಗಿ ತೀರಾ ದುರ್ಬಲ, ಆದರೂ ವೀನಾ ಅದಕ್ಕೆ ಒಳ್ಳೆಯ ಅಂಕವನ್ನೇ ಕೊಟ್ಟಿತ್ತು! ಅಂದಿನಿಂದ ನಾನು ಅಂಕಕ್ಕಿಂತ ಮೊದಲು ಭಂಗಿ ನೋಡುತ್ತೇನೆ.

ಸರಿಯಾದ ಅಣು ಕೊಟ್ಟಾಗ ಹರಳಿನ ಭಂಗಿಯಿಂದ ಒಂದು ಆಂಗ್‌ಸ್ಟ್ರಾಮ್ ಒಳಗೇ ಕೂತಿತು. ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ. ಎರಡರೊಳಗೆ ಬಂದರೆ ಸಾಕು ಎನ್ನುವುದು ಈ ಕೆಲಸದವರ ರೂಢಿ. ಎಸ್1, ಎಸ್4 ಎಂದರೆ ಕಿಣ್ವದ ಬಾಯಲ್ಲಿರುವ ಗುಳಿಗಳು; ಟೈರೋಸಿನ್ 228ರಂಥವು ಅದರ ಅಮೈನೋ ಆಮ್ಲಗಳು, ಅಂಕೆ ಅವುಗಳ ಸಂಖ್ಯೆ. ಎಸ್1 ಗುಳಿಯ ತಳದಲ್ಲಿ ಮಾತ್ರೆಯ ಒಂದು ತುದಿಯ ಕ್ಲೋರಿನ್, ಟೈರೋಸಿನ್ 228ರ ಉಂಗುರಕ್ಕೆ ಮುಖಮಾಡಿ. ಇನ್ನೊಂದು ತುದಿಯ ಮಾರ್ಫೋಲಿನೋನ್ ಉಂಗುರ, ಎಸ್4ರಲ್ಲಿ ಟೈರೋಸಿನ್ 99 ಮತ್ತು ಫಿನೈಲಲನಿನ್ 174ರ ಸಂದಿಯಲ್ಲಿ. ನಡುವೆ ಗ್ಲೈಸಿನ್ 219ಕ್ಕೆ ಹೈಡ್ರೋಜನ್ ಬಂಧ.

ನನಗೆ ಇಷ್ಟವಾದದ್ದು ಆ ಕ್ಲೋರಿನ್. ಟೆನ್-ಎ ತಡೆಯಲು ಹಿಂದೆ ಮಾಡಿದ ಎಷ್ಟೋ ಅಣುಗಳು ಧನ ಆವೇಶ ಹೊತ್ತು ಎಸ್1 ತಳದ ಋಣ ಆವೇಶದ ಆಸ್ಪಾರ್ಟೇಟ್ 189ನ್ನು ಹಿಡಿಯುತ್ತಿದ್ದವು. ಹಿಡಿತ ಗಟ್ಟಿ, ಆದರೆ ಆವೇಶ ಹೊತ್ತವು ಕರುಳಿನಿಂದ ರಕ್ತಕ್ಕೆ ಸುಲಭದಲ್ಲಿ ಇಳಿಯುವುದಿಲ್ಲ. ಕ್ಲೋರಿನ್‌ಗೆ ಆ ತೊಂದರೆ ಇಲ್ಲ, ಹಾಗಾಗಿ ಮಾತ್ರೆಯಾಗಿ ನುಂಗಬಹುದು.

ಅಪ್ಪನಿಗೆ ಪರದೆಯಲ್ಲಿ ತೋರಿಸಿದೆ. ಕ್ಲೋರಿನ್ ಅಲ್ಲಿ ಹಸಿರು ಗುಂಡು. "ಇಷ್ಟು ಸಣ್ಣದಕ್ಕೆ ಅಷ್ಟು ಕ್ರಯವಾ?" ಎಂದರು. ಈಗ ಟೆನ್-ಎ ತಡೆಯುವ ಇನ್ನೊಂದು ಮಾತ್ರೆ ಅಪಿಕ್ಸಾಬಾನ್ ಕೂರಿಸುತ್ತಿದ್ದೇನೆ. ಅದರಲ್ಲಿ ಕ್ಲೋರಿನ್ ಇಲ್ಲ, ಅದೇ ಗುಳಿಗೆ ಮೆಥಾಕ್ಸಿ ಹೊತ್ತ ಉಂಗುರ ಇಳಿಯಬೇಕು. ಈ ಸಲ ಅಣುವನ್ನು ನಾನು ಬಿಡಿಸಿಲ್ಲ.